ಗುಟ್ಟಿನ ಇಲಾಖೆಯಿಂದ ಅಂಚೆ ಕಚೇರಿಯ ಕೌಂಟರಿನವರೆಗೆ: ವಿದೇಶಾಂಗ ಸಚಿವಾಲಯದ ಸೇವೆಗಳ ಒಂದು ವಿಮರ್ಶೆ

ವಿದೇಶಾಂಗ ಸಚಿವಾಲಯ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶೃಂಗಸಭೆಯ ಹಸ್ತಲಾಘವ, ಜಂಟಿ ಹೇಳಿಕೆ, ಮತ್ತು ದಶಕಗಳ ಕಾಲ ಅದರ ಮನೆಯಾಗಿದ್ದ ರೈಸಿನಾ ಗುಡ್ಡದ ಸೌತ್ ಬ್ಲಾಕ್. ಸಾಮಾನ್ಯ ನಾಗರಿಕನು ಹೋಗಿ ಸಾಲಿನಲ್ಲಿ ನಿಂತು, ಕೆಲಸ ಮಾಡಿಸಿಕೊಂಡು, ಆಮೇಲೆ ಚೆನ್ನಾಗಿತ್ತು ಅಥವಾ ಚೆನ್ನಾಗಿರಲಿಲ್ಲ ಎಂದು ಹೇಳಬಹುದಾದ ಜಾಗ ಅದು ಎಂಬ ಭಾವನೆ ಯಾರಿಗೂ ಇರುವುದಿಲ್ಲ. ಆದರೆ ಕಳೆದ ಎರಡು ವರ್ಷಗಳಲ್ಲಿ ನಮ್ಮ ಮನೆಯವರು ಈ ಸಚಿವಾಲಯದ ಬಾಗಿಲನ್ನು ಮೂರು ಸಲ ತಟ್ಟಿದ್ದೇವೆ: ನನ್ನ ತಾಯಿಯ ಮೊದಲ ಪಾಸ್‌ಪೋರ್ಟಿಗೆ, ನನ್ನ ಪಾಸ್‌ಪೋರ್ಟಿನ ಮರುವಿತರಣೆಗೆ, ಮಗಳ ಪದವಿ ಪ್ರಮಾಣಪತ್ರದ ದೃಢೀಕರಣಕ್ಕೆ. ಒಂದು ಅಂಗಡಿಯ ಅಥವಾ ಆಸ್ಪತ್ರೆಯ ಸೇವೆಯನ್ನು ಅಳೆಯುವಷ್ಟೇ ಗಂಭೀರವಾಗಿ ಈ ಸೇವೆಯನ್ನೂ ಅಳೆಯಬೇಕು ಎನ್ನಿಸಿದ್ದು ಆಗ. ಅಳೆಯುವುದಕ್ಕೆ ಆ ಸಂಸ್ಥೆ ಎಲ್ಲಿಂದ ಬಂತು, ಒಳಗೆ ಹೇಗೆ ಕಟ್ಟಲ್ಪಟ್ಟಿದೆ ಎಂಬುದು ತಿಳಿದಿರಬೇಕಾಗುತ್ತದೆ. ಏಕೆಂದರೆ ನಾನು ಕಂಡ ಒಳ್ಳೆಯದಕ್ಕೂ ಕೊರತೆಗೂ ಬೇರು ಅದರ ಹುಟ್ಟಿನಲ್ಲೇ ಇದೆ ಎಂದು ನನಗೆ ಈಗ ಮನವರಿಕೆಯಾಗಿದೆ.

ಮೊದಲು ತಾಯಿಯ ಪಾಸ್‌ಪೋರ್ಟಿನ ವಿಷಯ. ಎಪ್ಪತ್ತು ದಾಟಿದ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾಗಲಿಲ್ಲ. ನಮ್ಮ ಜಿಲ್ಲೆಯ ಪ್ರಧಾನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ಕೊಡುವ ಏರ್ಪಾಡು 2017ರ ಜನವರಿ 25ರಂದು ಗುಜರಾತಿನ ದಾಹೋದ್ ಮತ್ತು ನಮ್ಮ ಮೈಸೂರು, ಈ ಎರಡು ಕಡೆ ಮೊದಲು ಆರಂಭವಾಯಿತು. ಇಂದು ದೇಶದಲ್ಲಿ ಇಂಥ ಕೇಂದ್ರಗಳು ನಾನೂರಕ್ಕೂ ಹೆಚ್ಚು. ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಹೋದೆವು. ಮೂವತ್ತಾರು ಪುಟಗಳ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ. ಅರವತ್ತು ದಾಟಿದವರು ಹೊಸದಾಗಿ ಅರ್ಜಿ ಹಾಕುವಾಗ ಶೇಕಡಾ 10ರಷ್ಟು ರಿಯಾಯಿತಿ ಇರುವುದರಿಂದ ನಮಗೆ 1,350 ರೂಪಾಯಿ ಆಯಿತು. ಮೂಲ ದಾಖಲೆಗಳನ್ನು ನೋಡಿ, ಛಾಯಾಚಿತ್ರ ಮತ್ತು ಬೆರಳಚ್ಚು ತೆಗೆದುಕೊಂಡು, ತಾಯಿಯನ್ನು ಕುಳ್ಳಿರಿಸಿಯೇ ಎಲ್ಲವನ್ನೂ ಮುಗಿಸಿಕೊಟ್ಟರು. ಬೆರಳಿನ ಗೆರೆಗಳು ಸವೆದುಹೋಗಿದ್ದರಿಂದ ಯಂತ್ರ ಎರಡು ಮೂರು ಸಲ ಒಪ್ಪಲಿಲ್ಲ. ಅಲ್ಲಿದ್ದ ಅಂಚೆ ಸಿಬ್ಬಂದಿ ಒದ್ದೆ ಬಟ್ಟೆಯಿಂದ ಅವರ ಬೆರಳನ್ನು ಒರೆಸಿ, ತಾಳ್ಮೆಯಿಂದ ಮತ್ತೆ ಮತ್ತೆ ಇಡಿಸಿದರು. ಈ ಒಂದು ನಡವಳಿಕೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಅಷ್ಟು ಸಲೀಸಾಗದೇ ಇದ್ದದ್ದು ಹೆಸರಿನ ಪ್ರಶ್ನೆ. ಕನ್ನಡನಾಡಿನ ಹಳೆಯ ತಲೆಮಾರಿನವರ ಹೆಸರಿನ ಮುಂದೆ ಒಂದೋ ಎರಡೋ ಇನಿಷಿಯಲ್ ಇರುತ್ತದೆ. ಒಂದು ಊರಿನದು, ಇನ್ನೊಂದು ತಂದೆಯದು ಅಥವಾ ಗಂಡನದು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗಳಿಗೆ ಜಾಗವಿಲ್ಲ. ಅವನ್ನು ಬಿಡಿಸಿ ಬರೆಯಬೇಕು, ಇಲ್ಲವೇ ಕೈಬಿಡಬೇಕು. ಬಿಡಿಸಿ ಬರೆಯುವುದಾದರೆ ಆಧಾರ್, ಮತದಾರರ ಗುರುತಿನ ಚೀಟಿ, ಪಿಂಚಣಿ ಪುಸ್ತಕ ಇವುಗಳಲ್ಲಿ ಒಂದಾದರೂ ಹಾಗೆಯೇ ಹೇಳಬೇಕು, ಮತ್ತು ಈ ಮೂರೂ ಒಂದೇ ರೀತಿ ಹೇಳುವ ಮನೆಯನ್ನು ನಾನಿನ್ನೂ ಕಂಡಿಲ್ಲ. ಇನ್ನು 'ಸರ್‌ನೇಮ್' ಎಂಬ ಖಾನೆ. ನಮ್ಮಲ್ಲಿ ಎಷ್ಟೋ ಮಂದಿಗೆ ಕುಲನಾಮವೇ ಇಲ್ಲ. ಆ ಖಾನೆಯನ್ನು ಖಾಲಿ ಬಿಡಲು ಭಾರತದ ನಿಯಮ ಒಪ್ಪುತ್ತದೆ. ಆದರೆ 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿರುವ ಪಾಸ್‌ಪೋರ್ಟಿನವರಿಗೆ ಸಂದರ್ಶಕ ಮತ್ತು ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ, ಖಾಲಿ ಬಿಟ್ಟವರು ದಿಢೀರನೆ ತೊಂದರೆಗೆ ಸಿಕ್ಕಿಕೊಂಡರು. ದುಬೈಯಲ್ಲಿ ಮಗನೋ ಮಗಳೋ ಇರುವ ಕರಾವಳಿಯ ಸಾವಿರಾರು ತಂದೆತಾಯಿಯರಿಗೆ ಇದು ಪುಸ್ತಕದೊಳಗಿನ ನಿಯಮವಲ್ಲ, ಮೊಮ್ಮಗುವನ್ನು ನೋಡಬಹುದೇ ಇಲ್ಲವೇ ಎಂಬ ಪ್ರಶ್ನೆ. ಅರ್ಜಿ ತುಂಬುವ ಪುಟದಲ್ಲೇ, ಆ ಖಾನೆಯ ಪಕ್ಕದಲ್ಲೇ, ಖಾಲಿ ಬಿಟ್ಟರೆ ಮುಂದೇನಾಗಬಹುದು ಎಂಬ ಎರಡು ಸಾಲನ್ನು ನಮ್ಮ ಭಾಷೆಯಲ್ಲಿ ಹಾಕುವುದು ಸಚಿವಾಲಯಕ್ಕೆ ಕಷ್ಟದ ಕೆಲಸವಲ್ಲ. ನಾವು ತಾಯಿಯ ತಂದೆಯ ಹೆಸರನ್ನು ಆ ಖಾನೆಗೆ ತಂದೆವು. ಅದಕ್ಕಾಗಿ ಮೊದಲು ಆಧಾರನ್ನು ತಿದ್ದಿಸಬೇಕಾಯಿತು, ಒಂದು ತಿಂಗಳು ಅದಕ್ಕೇ ಹೋಯಿತು.

ಕಾರಣ ಹೇಳದೆ ಕೆಲಸ ಮಾಡುವ ಅಭ್ಯಾಸ ಈ ಸಂಸ್ಥೆಗೆ ಹುಟ್ಟಿನಿಂದ ಬಂದದ್ದು. 1783ರ ಸೆಪ್ಟೆಂಬರ್ 13ರಂದು ಈಸ್ಟ್ ಇಂಡಿಯಾ ಕಂಪನಿಯು ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ಒಂದು ನಿರ್ಣಯ ಮಾಡಿ, ವಾರೆನ್ ಹೇಸ್ಟಿಂಗ್ಸನ ಆಡಳಿತದ ಮೇಲೆ ಬಿದ್ದಿದ್ದ 'ರಹಸ್ಯ ಮತ್ತು ರಾಜಕೀಯ ವ್ಯವಹಾರ'ಗಳ ಹೊರೆಯನ್ನು ಇಳಿಸಲು ಪ್ರತ್ಯೇಕ ಇಲಾಖೆಯನ್ನು ರಚಿಸಿತು. ಇಂದಿನ ವಿದೇಶಾಂಗ ಸಚಿವಾಲಯದ ಮೂಲಪುರುಷ ಅದು. ಆ ಹೊತ್ತಿಗೆ ಕಂಪನಿಗೆ ಯಾವ ರಾಜಕೀಯ ವ್ಯವಹಾರ ಅತ್ಯಂತ ತಲೆನೋವಿನದಾಗಿತ್ತು ಎಂಬುದು ಕನ್ನಡಿಗರಿಗೆ ಗೊತ್ತಿರಬೇಕಾದ ಸಂಗತಿ: ಎರಡನೆಯ ಮೈಸೂರು ಯುದ್ಧ ನಡೆಯುತ್ತಿತ್ತು, ಹೈದರಾಲಿ ಹಿಂದಿನ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡು ಟಿಪ್ಪು ಪಟ್ಟಕ್ಕೆ ಬಂದಿದ್ದ, ಮತ್ತು ಯುದ್ಧ ಮುಗಿದದ್ದು 1784ರ ಮಾರ್ಚಿನಲ್ಲಿ ಮಂಗಳೂರಿನ ಒಪ್ಪಂದದಿಂದ. ಆ ಇಲಾಖೆಯ ಹೊಣೆಯಲ್ಲಿ ಹೊರದೇಶಗಳ ಜೊತೆಗೆ ನಮ್ಮಂಥ ದೇಶೀ ಸಂಸ್ಥಾನಗಳೂ ಇದ್ದವು. 1843ರಲ್ಲಿ ಗವರ್ನರ್ ಜನರಲ್ ಎಲೆನ್‌ಬರೋ ಸರ್ಕಾರದ ಇಡೀ ಸಚಿವಾಲಯವನ್ನು ವಿದೇಶಾಂಗ, ಗೃಹ, ಹಣಕಾಸು, ಸೇನೆ ಎಂದು ನಾಲ್ಕು ಭಾಗ ಮಾಡಿದಾಗ, ವಿದೇಶಾಂಗ ಕಾರ್ಯದರ್ಶಿಗೆ ಬಾಹ್ಯ ಮತ್ತು ಆಂತರಿಕ ರಾಜತಾಂತ್ರಿಕ ಸಂಬಂಧಗಳ ಪತ್ರವ್ಯವಹಾರವೆಲ್ಲ ಒಪ್ಪಿಸಲ್ಪಟ್ಟಿತು. ಆಂತರಿಕ ಎಂದರೆ ಸಂಸ್ಥಾನಗಳು. ಮೈಸೂರು ಸಂಸ್ಥಾನಕ್ಕೆ ನೇಮಕವಾದ ಬ್ರಿಟಿಷ್ ಪ್ರತಿನಿಧಿ, ಅಂದರೆ ರೆಸಿಡೆಂಟ್, ಬೆಂಗಳೂರಿನಲ್ಲಿ ಕುಳಿತು ವರದಿ ಕಳಿಸುತ್ತಿದ್ದದ್ದು ಆ ಇಲಾಖೆಗೆ. ರೆಸಿಡೆನ್ಸಿ ರಸ್ತೆಯ ಹೆಸರಿನಲ್ಲಿ ಅದರ ನೆನಪು ಇನ್ನೂ ಉಳಿದಿದೆ.

1935ರ ಭಾರತ ಸರ್ಕಾರ ಕಾಯಿದೆಯ ನಂತರ ಈ ಎರಡು ಹೊಣೆಗಳು ಬೇರೆಯಾದವು. 1937ರಲ್ಲಿ ಹೊರದೇಶಗಳ ವ್ಯವಹಾರಕ್ಕೆಂದೇ ಬಾಹ್ಯ ವ್ಯವಹಾರಗಳ ಇಲಾಖೆ ನೇರವಾಗಿ ಗವರ್ನರ್ ಜನರಲ್ ಕೈಕೆಳಗೆ ಬಂತು. 1946ರ ಸೆಪ್ಟೆಂಬರ್ 2ರಂದು ಮಧ್ಯಂತರ ಸರ್ಕಾರ ರಚನೆಯಾದಾಗ ಜವಾಹರಲಾಲ್ ನೆಹರೂ ಆ ಖಾತೆಯನ್ನು ತಮ್ಮಲ್ಲೇ ಇರಿಸಿಕೊಂಡರು, 1964ರ ಮೇ 27ರಂದು ತೀರಿಕೊಳ್ಳುವವರೆಗೂ ಬಿಟ್ಟುಕೊಡಲಿಲ್ಲ. ಪ್ರಧಾನಿಯೇ ವಿದೇಶಾಂಗ ಸಚಿವರೂ ಆಗಿದ್ದ ಆ ಹದಿನೇಳು ಹದಿನೆಂಟು ವರ್ಷಗಳು ಸಚಿವಾಲಯಕ್ಕೆ ಅಪಾರ ಪ್ರತಿಷ್ಠೆ ತಂದುಕೊಟ್ಟವು. ಆದರೆ ಎಲ್ಲ ಗಮನ ಮಹಾನೀತಿಯ ಮೇಲಿದ್ದು, ಕೌಂಟರಿನ ಕೆಲಸ ಬಹುಕಾಲ ಎರಡನೆಯ ದರ್ಜೆಯದಾಗಿ ಉಳಿಯಿತು ಎಂಬುದು ನನ್ನ ಅಭಿಪ್ರಾಯ. 1954ರಲ್ಲಿ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗಳು ಶುರುವಾದಾಗ ಇದ್ದದ್ದು ಐದೇ ಊರುಗಳಲ್ಲಿ: ಮುಂಬೈ, ಕೋಲ್ಕತ್ತ, ದೆಹಲಿ, ಮದ್ರಾಸು, ನಾಗಪುರ. ಬೆಂಗಳೂರು ಆ ಪಟ್ಟಿಯಲ್ಲಿ ಇರಲಿಲ್ಲ.

ಸಚಿವಾಲಯದ ಈಗಿನ ಒಳರಚನೆ ಹೀಗಿದೆ. ಮೇಲೆ ಸಚಿವರು ಮತ್ತು ರಾಜ್ಯ ಸಚಿವರು. ಅಧಿಕಾರಿಗಳ ಪೈಕಿ ಎಲ್ಲರಿಗಿಂತ ಮೇಲೆ ವಿದೇಶಾಂಗ ಕಾರ್ಯದರ್ಶಿ. ಅವರ ಜೊತೆಯಲ್ಲಿ ಪೂರ್ವ, ಪಶ್ಚಿಮ, ಆರ್ಥಿಕ ಸಂಬಂಧ ಮುಂತಾದ ಹೊಣೆಗಳನ್ನು ಹೊತ್ತ ಕಾರ್ಯದರ್ಶಿಗಳಿದ್ದಾರೆ. ಕೆಳಗೆ ವಿಭಾಗಗಳು, ಪ್ರತಿಯೊಂದಕ್ಕೂ ಸಾಮಾನ್ಯವಾಗಿ ಒಬ್ಬ ಜಂಟಿ ಕಾರ್ಯದರ್ಶಿ ಮುಖ್ಯಸ್ಥರು. ವಿಭಾಗಗಳಲ್ಲಿ ಕೆಲವು ಭೂಪಟದಂತೆ ಹಂಚಿಕೊಂಡವು: ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ಒಂದರಲ್ಲಿ, ಬಾಂಗ್ಲಾದೇಶ, ಮ್ಯಾನ್ಮಾರ್ ಇನ್ನೊಂದರಲ್ಲಿ, ನೇಪಾಳ, ಭೂತಾನ್ 'ಉತ್ತರ' ವಿಭಾಗದಲ್ಲಿ, ಕೊಲ್ಲಿ, ಪೂರ್ವ ಏಷ್ಯಾ, ಯುರೇಷಿಯಾ, ಅಮೆರಿಕಗಳು ಬೇರೆ ಬೇರೆ. ಉಳಿದವು ಕೆಲಸಕ್ಕೆ ಅನುಗುಣವಾದವು: ಶಿಷ್ಟಾಚಾರ, ಕಾನೂನು ಮತ್ತು ಒಪ್ಪಂದ, ನಿಶ್ಶಸ್ತ್ರೀಕರಣ, ವಿಶ್ವಸಂಸ್ಥೆ, ಬಾಹ್ಯ ಪ್ರಚಾರ. ನನಗೂ ನಿಮಗೂ ಸಂಬಂಧಪಟ್ಟದ್ದು ಇವೆಲ್ಲವುಗಳ ನಡುವೆ ಇರುವ ಕಾನ್ಸುಲರ್, ಪಾಸ್‌ಪೋರ್ಟ್ ಮತ್ತು ವೀಸಾ ವಿಭಾಗ. 2004ರಲ್ಲಿ ಪ್ರತ್ಯೇಕವಾಗಿ ಹುಟ್ಟಿದ ಅನಿವಾಸಿ ಭಾರತೀಯರ ಸಚಿವಾಲಯವನ್ನು 2016ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯದಲ್ಲೇ ವಿಲೀನ ಮಾಡಿದ ಮೇಲೆ, ಹೊರದೇಶಕ್ಕೆ ದುಡಿಯಲು ಹೋಗುವವರ ಹೊಣೆಯೂ ಅದರ ಮೇಲೆಯೇ ಬಂತು. ದೇಶದ ಹೊರಗೆ ಇನ್ನೂರಕ್ಕೂ ಹೆಚ್ಚು ರಾಯಭಾರ ಕಚೇರಿ, ಹೈಕಮಿಷನ್ ಮತ್ತು ಕಾನ್ಸುಲೇಟುಗಳಿವೆ. ಇದೆಲ್ಲವನ್ನೂ ನಡೆಸುವ ಭಾರತೀಯ ವಿದೇಶಾಂಗ ಸೇವೆಯ, ಅಂದರೆ ಐಎಫ್‌ಎಸ್ ಶ್ರೇಣಿಯ, ಅಧಿಕಾರಿಗಳು ಸುಮಾರು ಒಂದು ಸಾವಿರ. ನೂರ ನಲವತ್ತು ಕೋಟಿ ಜನರ ದೇಶಕ್ಕೆ ಇದು ತೀರ ಚಿಕ್ಕ ಸಂಖ್ಯೆ. ಸಂಸತ್ತಿನ ಸ್ಥಾಯಿ ಸಮಿತಿಯೇ ಈ ಕೊರತೆಯನ್ನು ಎತ್ತಿ ಹೇಳಿದೆ. ಹಾಗಾಗಿ ಕೌಂಟರಿನಲ್ಲಿ ನಮ್ಮನ್ನು ಮಾತಾಡಿಸುವವರು ಸಾಮಾನ್ಯವಾಗಿ ಐಎಫ್‌ಎಸ್‌ನವರಲ್ಲ. ಪಾಸ್‌ಪೋರ್ಟ್ ಸಂಘಟನೆಗೆ ತನ್ನದೇ ಆದ ಪ್ರತ್ಯೇಕ ಸಿಬ್ಬಂದಿ ವರ್ಗವಿದೆ.

ನನ್ನ ಪಾಸ್‌ಪೋರ್ಟಿನ ಮರುವಿತರಣೆಗೆ ನಾನು ಹೋದದ್ದು ಬೆಂಗಳೂರಿನ ಒಂದು ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ. ಈ ಕೇಂದ್ರಗಳ ಯೋಜನೆ ಪ್ರಯೋಗವಾಗಿ ಶುರುವಾದದ್ದು 2010ರಲ್ಲಿ, ಬೆಂಗಳೂರು ಮತ್ತು ಚಂಡೀಗಢ ಕಚೇರಿಗಳ ವ್ಯಾಪ್ತಿಯಲ್ಲಿ. ಆಗ ವಿದೇಶಾಂಗ ಸಚಿವರಾಗಿದ್ದವರು ಮಂಡ್ಯ ಜಿಲ್ಲೆಯ ಎಸ್. ಎಂ. ಕೃಷ್ಣ. ಯೋಜನೆಯ ತಾಂತ್ರಿಕ ಹೊಣೆ ಟಿಸಿಎಸ್ ಕಂಪನಿಯದು. ಎ, ಬಿ, ಸಿ ಎಂಬ ಮೂರು ಕೌಂಟರುಗಳ ಕ್ರಮ ಬಹಳ ವಿಚಾರಪೂರ್ವಕವಾದದ್ದು: 'ಎ'ನಲ್ಲಿ ಕಂಪನಿಯ ನೌಕರರು ದಾಖಲೆ ಸ್ಕ್ಯಾನ್ ಮಾಡಿ ಛಾಯಾಚಿತ್ರ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, 'ಬಿ'ಯಲ್ಲಿ ಸರ್ಕಾರಿ ಅಧಿಕಾರಿ ದಾಖಲೆಗಳನ್ನು ಪರಿಶೀಲಿಸುತ್ತಾರೆ, 'ಸಿ'ಯಲ್ಲಿ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವ ಅಧಿಕಾರಿ ಕುಳಿತಿರುತ್ತಾರೆ. ದುಡಿಮೆಯ ಭಾಗ ಖಾಸಗಿಗೆ, ನಿರ್ಧಾರದ ಭಾಗ ಸರ್ಕಾರಕ್ಕೆ ಎಂಬ ಈ ಗೆರೆ ಸರಿಯಾದ ಜಾಗದಲ್ಲಿ ಎಳೆಯಲ್ಪಟ್ಟಿದೆ. ನಾನು ಒಳಗೆ ಹೋದಾಗಿನಿಂದ ಹೊರಬರುವವರೆಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಮೊದಲ ಪಾಸ್‌ಪೋರ್ಟಿಗೆ ಬೆಳಗಿನ ಜಾವವೇ ಹೋಗಿ ಸಾಲಿನಲ್ಲಿ ನಿಂತದ್ದು, ಆಮೇಲೆ ತಿಂಗಳುಗಟ್ಟಲೆ ಕಾದದ್ದು ನೆನಪಾಗಿ, ಈ ಬದಲಾವಣೆಗೆ ದುಡಿದವರ ಬಗ್ಗೆ ಗೌರವ ಹುಟ್ಟಿತು.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಪಾಸ್‌ಪೋರ್ಟ್ ಸೇವೆಯಲ್ಲಿ ಆಗುವ ಎಲ್ಲ ವಿಳಂಬವನ್ನೂ ಜನರು ಪಾಸ್‌ಪೋರ್ಟ್ ಕಚೇರಿಯ ತಲೆಗೇ ಕಟ್ಟುತ್ತಾರೆ. ಪೊಲೀಸ್ ಪರಿಶೀಲನೆ ಮಾಡುವುದು ರಾಜ್ಯದ ಪೊಲೀಸರು, ಪುಸ್ತಕವನ್ನು ಮನೆಗೆ ತಲುಪಿಸುವುದು ಅಂಚೆ ಇಲಾಖೆ, ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲಿ ಮುದ್ರೆ ಒತ್ತುವವರು ಗೃಹ ಸಚಿವಾಲಯದ ಕೈಕೆಳಗಿನವರು. ವಿದೇಶಾಂಗ ಸಚಿವಾಲಯದ್ದು ಎಂದು ನಾವು ಎಣಿಸುವ ಸೇವೆ ವಾಸ್ತವದಲ್ಲಿ ನಾಲ್ಕು ಕೈಗಳನ್ನು ದಾಟಿ ಬರುತ್ತದೆ. ತತ್ಕಾಲ್ ಎಂಬ ತುರ್ತು ಸೇವೆಯಲ್ಲಿ ಹೆಚ್ಚುವರಿ 2,000 ರೂಪಾಯಿ ಕಟ್ಟಿದರೆ ಬೇಗ ಬರುವುದಕ್ಕೆ ಮುಖ್ಯ ಕಾರಣವೂ ಇದೇ: ಸಾಮಾನ್ಯವಾಗಿ ಅಲ್ಲಿ ಪೊಲೀಸ್ ಪರಿಶೀಲನೆ ಪುಸ್ತಕ ಕೊಟ್ಟ ಮೇಲೆ ನಡೆಯುತ್ತದೆ.

ಪಾಸ್‌ಪೋರ್ಟ್ ಪಡೆಯುವುದು ನಾಗರಿಕನ ಹಕ್ಕು ಎಂಬ ಮಾತು ಇಂದು ಸಹಜವಾಗಿ ಕೇಳುತ್ತದೆ; ಅದಕ್ಕಾಗಿ ಹೋರಾಡಿದವರಿದ್ದಾರೆ. 1967ರವರೆಗೆ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೊರದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿನ ಆಧಾರವಿಲ್ಲದೆ ಅದನ್ನು ತಡೆಯುವಂತಿಲ್ಲ ಎಂದಿತು. ಅದರ ಬೆನ್ನಿಗೇ ಬಂದದ್ದು 1967ರ ಜೂನ್ 24ರ ಪಾಸ್‌ಪೋರ್ಟ್ ಕಾಯಿದೆ. ಜೂನ್ 24ನ್ನು ಇಂದಿಗೂ ಪಾಸ್‌ಪೋರ್ಟ್ ಸೇವಾ ದಿನವೆಂದು ಆಚರಿಸುತ್ತಾರೆ. ಹತ್ತು ವರ್ಷಗಳ ನಂತರ, 1977ರಲ್ಲಿ, ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಅದೇ ಕಾಯಿದೆಯಡಿ 'ಸಾರ್ವಜನಿಕ ಹಿತದೃಷ್ಟಿಯಿಂದ' ಎಂದಷ್ಟೇ ಹೇಳಿ ವಶಪಡಿಸಿಕೊಳ್ಳಲಾಯಿತು. ಕಾರಣವೇನು ಎಂದು ಅವರು ಕೇಳಿದಾಗ, ಕಾರಣ ಕೊಡುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಎಂಬ ಉತ್ತರ ಬಂತು. 1978ರ ಜನವರಿ 25ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಕ್ರಮವು ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದು ಹೇಳಿದ್ದು ಈ ದೇಶದ ಸಂವಿಧಾನದ ಇತಿಹಾಸದಲ್ಲೇ ದೊಡ್ಡ ತಿರುವು. ರಹಸ್ಯ ವ್ಯವಹಾರದ ಇಲಾಖೆಯಾಗಿ ಹುಟ್ಟಿದ ಸಂಸ್ಥೆಯ ಕೌಂಟರಿನಿಂದ ಹೊರಟ ಒಂದು ಚೀಟಿ, ಕಾರಣ ಕೇಳುವ ಹಕ್ಕನ್ನು ನಮ್ಮೆಲ್ಲರಿಗೂ ಗಟ್ಟಿ ಮಾಡಿಕೊಟ್ಟಿತು. ಇಂದು ಅರ್ಜಿ ತಡೆಹಿಡಿಯಲ್ಪಟ್ಟರೆ ಕಡತದ ಸಂಖ್ಯೆ ಹಾಕಿ ಸ್ಥಿತಿ ನೋಡಬಹುದು. ಆದರೆ ಅಲ್ಲಿ ಕಾಣುವ ಒಂದು ಸಾಲಿನ ವಿವರಣೆ ಅರ್ಥವಾಗಬೇಕಾದರೆ ಇನ್ನೊಬ್ಬರ ಸಹಾಯ ಬೇಕು ಎಂಬ ಸ್ಥಿತಿ ಇನ್ನೂ ಇದೆ.

ಮೂರನೆಯ ಸೇವೆ, ದಾಖಲೆಗಳ ದೃಢೀಕರಣ. ಮಗಳು ಸ್ನಾತಕೋತ್ತರ ಓದಿಗೆ ಜರ್ಮನಿಗೆ ಹೊರಟಾಗ, ಪದವಿ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ ಮಾಡಿಸಲೇಬೇಕು ಎಂದು ಒಬ್ಬ ಮಧ್ಯವರ್ತಿ ಹೇಳಿದರು. ಅಪೋಸ್ಟಿಲ್ ಎಂದರೆ 1961ರ ಹೇಗ್ ಒಪ್ಪಂದದ ಪ್ರಕಾರ, ಒಂದು ದೇಶದ ದಾಖಲೆಯನ್ನು ಇನ್ನೊಂದು ಸದಸ್ಯ ದೇಶ ಮತ್ತೆ ಮತ್ತೆ ಪರಿಶೀಲಿಸದೆ ಒಪ್ಪಿಕೊಳ್ಳುವಂತೆ ಹಾಕುವ ಮುದ್ರೆ. ಭಾರತದಲ್ಲಿ ಈ ಒಪ್ಪಂದ ಜಾರಿಗೆ ಬಂದದ್ದು 2005ರ ಜುಲೈ 14ರಂದು. ಮೊದಲು ರಾಜ್ಯ ಸರ್ಕಾರದ ನಿಯೋಜಿತ ಪ್ರಾಧಿಕಾರ ಪ್ರಮಾಣಪತ್ರವನ್ನು ದೃಢೀಕರಿಸಬೇಕು, ಆಮೇಲೆ ವಿದೇಶಾಂಗ ಸಚಿವಾಲಯ ಸಂಖ್ಯೆಯಿರುವ ಒಂದು ಸ್ಟಿಕ್ಕರನ್ನು ಹಿಂಬದಿಗೆ ಅಂಟಿಸುತ್ತದೆ. ಆ ಸಂಖ್ಯೆಯನ್ನು ಯಾವ ದೇಶದವರಾದರೂ ಆನ್‌ಲೈನಿನಲ್ಲಿ ತಾಳೆ ನೋಡಬಹುದು. ಸಚಿವಾಲಯದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಮಧ್ಯವರ್ತಿ ನಮ್ಮಿಂದ ತೆಗೆದುಕೊಂಡದ್ದು ಹಲವು ಸಾವಿರ. ಅದಕ್ಕಿಂತ ಹೆಚ್ಚು ನೋವಾದದ್ದು ಎಲ್ಲ ಮುಗಿದ ಮೇಲೆ ತಿಳಿದ ಸತ್ಯ: ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿರುವುದರಿಂದ, ಈ ಎರಡು ದೇಶಗಳ ನಡುವೆ ಅಪೋಸ್ಟಿಲ್ ಒಪ್ಪಂದ ಜಾರಿಯಲ್ಲೇ ಇಲ್ಲ. ಸ್ಟಿಕ್ಕರ್ ಇದ್ದೂ ಅಲ್ಲಿಗೆ ಪ್ರಯೋಜನವಿರಲಿಲ್ಲ. ವಿದ್ಯಾರ್ಥಿ ವೀಸಾಕ್ಕೆ ಅವರು ಕೇಳಿದ್ದು, ಪದವಿಯ ದಾಖಲೆಗಳನ್ನು ತಾವೇ ಪರಿಶೀಲಿಸಿ ಕೊಡುವ, ಎಪಿಎಸ್ ಎಂಬ ಬೇರೆಯೇ ಪ್ರಮಾಣಪತ್ರವನ್ನು.

ಇಲ್ಲಿ ತಪ್ಪು ಮಧ್ಯವರ್ತಿಯದು. ಆದರೂ ಇಂಥ ಮಧ್ಯವರ್ತಿಗಳು ಯಾವ ಮಣ್ಣಿನಲ್ಲಿ ಬೆಳೆಯುತ್ತಾರೆ ಎಂದು ಕೇಳಬೇಕು. ದೃಢೀಕರಣ ದೆಹಲಿಯಲ್ಲಿ ಮಾತ್ರ ಆಗುತ್ತಿದ್ದ ಕಾಲ ಹೋಗಿ, 2019ರಿಂದ ಬೆಂಗಳೂರೂ ಸೇರಿದಂತೆ ಹಲವು ನಗರಗಳಿಗೆ ಬಂದಿದೆ. ಇದು ದೊಡ್ಡ ಉಪಕಾರ. ಆದರೆ ಯಾವ ದೇಶಕ್ಕೆ ಅಪೋಸ್ಟಿಲ್ ಬೇಕು, ಯಾವ ದೇಶಕ್ಕೆ ಸಾಮಾನ್ಯ ದೃಢೀಕರಣದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು, ಯಾವ ದೇಶಕ್ಕೆ ಎರಡೂ ನಡೆಯುವುದಿಲ್ಲ ಎಂಬುದನ್ನು ತಂದೆತಾಯಿ ಓದಿ ಅರ್ಥಮಾಡಿಕೊಳ್ಳಬಹುದಾದ ಸರಳ ಕನ್ನಡದಲ್ಲಿ, ಕೌಂಟರಿನ ಗೋಡೆಯ ಮೇಲೆ ಬರೆದು ಹಾಕಿದರೆ, ನಮ್ಮಂಥವರ ಹಣ ಮತ್ತು ತಿಂಗಳು ಉಳಿಯುತ್ತದೆ. ಸೇವೆ ಹತ್ತಿರ ಬಂದಿದೆ, ಮಾಹಿತಿ ಬಂದಿಲ್ಲ. ಮೂರು ಸೇವೆಗಳಲ್ಲಿ ಇದಕ್ಕೆ ನಾನು ಅತಿ ಕಡಿಮೆ ಅಂಕ ಕೊಡುವುದು ಈ ಕಾರಣಕ್ಕೆ.

ಸಚಿವಾಲಯ ತನ್ನ ಒಳಗಿನವರನ್ನು ಹೇಗೆ ನಡೆಸಿಕೊಂಡಿತು ಎಂಬುದನ್ನು ನೋಡದೆ ಅದರ ಸೇವೆಯನ್ನು ಅಳೆಯಲಾಗದು. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮ 1949ರಲ್ಲಿ ಐಎಫ್‌ಎಸ್ ಸೇರಿದ ಮೊದಲ ಮಹಿಳೆ. ಸೇರುವಾಗಲೇ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಅವರಿಂದ ಬರೆಸಿಕೊಳ್ಳಲಾಯಿತು. ಮಹಿಳಾ ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು ಎಂಬ ನಿಯಮ 1961ರ ನಿಯಮಾವಳಿಯಲ್ಲೂ ಇತ್ತು. ವಿವಾಹಿತೆಗೆ ನೇಮಕಾತಿ ಹಕ್ಕಿನ ವಿಷಯವಲ್ಲ ಎಂಬ ಇನ್ನೊಂದು ನಿಯಮವೂ ಇತ್ತು. ಬಡ್ತಿ ನಿರಾಕರಿಸಲ್ಪಟ್ಟಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಮುಂದೆ ಪ್ರಕರಣ ಬರುವ ಹೊತ್ತಿಗೆ ಸರ್ಕಾರ ಬಡ್ತಿ ಕೊಟ್ಟಿತ್ತು, ನಿಯಮಗಳನ್ನು ತೆಗೆದುಹಾಕುವ ಕೆಲಸವೂ ನಡೆದಿತ್ತು. ಆದರೂ ನ್ಯಾಯಾಲಯ ಅಷ್ಟಕ್ಕೇ ಸುಮ್ಮನಾಗದೆ, ಹೆಂಗಸರೆಂಬ ಕಾರಣಕ್ಕೆ ಭೇದ ಮಾಡುವ ಎಲ್ಲ ಸೇವಾ ನಿಯಮಗಳನ್ನೂ ಮರುಪರಿಶೀಲಿಸಬೇಕೆಂದು ಒತ್ತಿ ಹೇಳಿತು. ಹಂಗೇರಿಗೆ ರಾಯಭಾರಿಯಾಗಿ ಹೋದ ಅವರು ಆ ಸೇವೆಯೊಳಗಿಂದ ಆ ಹುದ್ದೆಗೇರಿದ ಮೊದಲ ಮಹಿಳೆ. ವಿದೇಶಾಂಗ ಕಾರ್ಯದರ್ಶಿಯ ಹುದ್ದೆಗೆ ಒಬ್ಬ ಮಹಿಳೆ, ಚೊಕಿಲಾ ಅಯ್ಯರ್, ಬಂದದ್ದು 2001ರಲ್ಲಿ.

ಮುತ್ತಮ್ಮನವರ ಕಥೆಯನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. 2016ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ನಿಯಮಗಳು ಸಡಿಲವಾದಾಗ, ಅರ್ಜಿಯಲ್ಲಿ ತಂದೆ ಅಥವಾ ತಾಯಿ ಒಬ್ಬರ ಹೆಸರು ಸಾಕು, ಮದುವೆಯ ಪ್ರಮಾಣಪತ್ರ ಬೇಕಿಲ್ಲ, ವಿಚ್ಛೇದನವಾದವರು ಗಂಡನ ಹೆಸರು ಕೊಡಬೇಕಿಲ್ಲ ಎಂದಾಯಿತು. ನನ್ನ ತಾಯಿಯ ಮುಂದಿನ ಸರದಿಯಲ್ಲಿ, ಒಬ್ಬಳೇ ಮಗುವನ್ನು ಸಾಕುತ್ತಿದ್ದ ಯುವತಿಯೊಬ್ಬರು ತನ್ನ ಹೆಸರೊಂದನ್ನೇ ಹಾಕಿ ಮಗುವಿನ ಅರ್ಜಿ ಕೊಟ್ಟರು. ಕೌಂಟರಿನವರು ಒಂದು ಪ್ರಶ್ನೆಯನ್ನೂ ಕೇಳದೆ ಮುಂದಕ್ಕೆ ಕಳಿಸಿದರು. ನಿಯಮಾವಳಿಯ ಒಂದು ಸಾಲು ಬದಲಾದರೆ ಅಂಚೆ ಕಚೇರಿಯ ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳ ತಲೆ ಎಷ್ಟು ಎತ್ತರವಾಗುತ್ತದೆ ಎಂಬುದನ್ನು ಅಂದು ಕಂಡೆ.

ಹೊರದೇಶದಲ್ಲಿ ಸಂಕಟಕ್ಕೆ ಸಿಕ್ಕವರ ವಿಷಯದಲ್ಲಿ ನನಗೆ ಸ್ವಂತ ಅನುಭವವಿಲ್ಲ, ಇಲ್ಲದೇ ಇರುವುದು ಅದೃಷ್ಟ. ಆದರೆ ಸಚಿವಾಲಯದ ಅತ್ಯುತ್ತಮ ಕೆಲಸ ಕಾಣುವುದು ಅಲ್ಲಿಯೇ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ಮನೆಗೆ ತರಲಾಯಿತು. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಕಾಳಗ ಹೊತ್ತಿಕೊಂಡಾಗ ನಡೆದ ಕಾರ್ಯಾಚರಣೆಗೆ ನಮ್ಮ ಕಾವೇರಿಯ ಹೆಸರು. ಸಿಕ್ಕಿಹಾಕಿಕೊಂಡವರಲ್ಲಿ ಗಿಡಮೂಲಿಕೆ ಔಷಧ ಮಾರಲು ಅಲ್ಲಿಗೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಪೋರ್ಟ್ ಸೂಡಾನಿನಿಂದ ನೌಕಾಪಡೆಯ ಹಡಗು ಮತ್ತು ವಾಯುಪಡೆಯ ವಿಮಾನಗಳಲ್ಲಿ ಸೌದಿ ಅರೇಬಿಯಾದ ಜಿದ್ದಾಕ್ಕೆ, ಅಲ್ಲಿಂದ ಭಾರತಕ್ಕೆ. ನಮ್ಮ ಕಾಡಂಚಿನ ಊರುಗಳ ಜನ ಆಫ್ರಿಕದ ಯುದ್ಧದೊಳಗಿಂದ ಜೀವಂತವಾಗಿ ಹಿಂತಿರುಗಿದರು ಎಂದರೆ, ಅದರ ಹಿಂದೆ ಪಟ್ಟಿ ಹಿಡಿದು ಹಗಲೂ ರಾತ್ರಿ ಫೋನಿನಲ್ಲಿದ್ದ ಅಧಿಕಾರಿಗಳಿದ್ದಾರೆ. ದೂರು ದಾಖಲಿಸಲು 2015ರಿಂದ 'ಮದದ್' ಎಂಬ ಜಾಲತಾಣವಿದೆ. ಕಷ್ಟದಲ್ಲಿರುವವರ ಊಟ, ವಸತಿ, ಮರಳುವ ಟಿಕೇಟಿಗೆ ರಾಯಭಾರ ಕಚೇರಿಗಳಲ್ಲಿ 2009ರಿಂದ ಕಲ್ಯಾಣ ನಿಧಿಯಿದೆ. ಕೊಲ್ಲಿಗೆ ದುಡಿಯಲು ಹೋಗುವವರ ಮನೆಯವರು ಈ ಎರಡನ್ನು ಮೊದಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ವಲಸೆ ಪರಿಶೀಲನೆ ಅಗತ್ಯ ಎಂಬ ಗುರುತು ಇರುತ್ತದೆ, ಅಂಥವರು ಕೆಲವು ನಿರ್ದಿಷ್ಟ ದೇಶಗಳಿಗೆ ಕೆಲಸಕ್ಕೆ ಹೋಗುವಾಗ 1983ರ ವಲಸೆ ಕಾಯಿದೆಯಂತೆ ಅನುಮತಿ ಪಡೆಯಬೇಕು. ಈ ಅನುಮತಿಯನ್ನು ತಪ್ಪಿಸಿ ಪ್ರವಾಸಿ ವೀಸಾದಲ್ಲಿ ಕಳಿಸುತ್ತೇನೆ ಎನ್ನುವ ಏಜೆಂಟರ ಮಾತಿಗೆ ಯಾರೂ ಕಿವಿಗೊಡಬಾರದು. ಆ ಅನುಮತಿಯ ಕಡತವೇ ನಾಳೆ ಮಾಲೀಕ ಸಂಬಳ ಕೊಡದಿದ್ದಾಗ ಕೈಹಿಡಿಯುವ ದಾಖಲೆ.

ತಾಯಿಯ ಪಾಸ್‌ಪೋರ್ಟನ್ನು ಅಂಚೆಯವರು ಸ್ಪೀಡ್ ಪೋಸ್ಟಿನಲ್ಲಿ ತಂದು ಅವರ ಕೈಗೇ ಕೊಟ್ಟರು. ಹೊಸ ಬಗೆಯ ಇ-ಪಾಸ್‌ಪೋರ್ಟ್ ಅದು. ಮುಖಪುಟದ ಕೆಳಗೆ ಚಿಪ್ ಇದೆ ಎಂದು ತೋರಿಸುವ ಸಣ್ಣ ಚಿನ್ನದ ಬಣ್ಣದ ಗುರುತು. ಅವರು ಕನ್ನಡಕ ಹಾಕಿಕೊಂಡು ಮೊದಲ ಪುಟ ತೆರೆದರು. ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದ ನಾಲ್ಕಾರು ಸಾಲು ಅಲ್ಲಿದೆ, ಏನೆಂದು ಓದಿ ಹೇಳು ಎಂದರು. ಭಾರತ ಗಣರಾಜ್ಯದ ರಾಷ್ಟ್ರಪತಿಯವರ ಹೆಸರಿನಲ್ಲಿ, ಈ ಪುಸ್ತಕ ಹಿಡಿದಿರುವವರನ್ನು ಅಡ್ಡಿಯಿಲ್ಲದೆ ಹೋಗಗೊಡಬೇಕೆಂದೂ, ಬೇಕಾದ ನೆರವನ್ನೂ ರಕ್ಷಣೆಯನ್ನೂ ಕೊಡಬೇಕೆಂದೂ ಸಂಬಂಧಪಟ್ಟ ಎಲ್ಲರನ್ನೂ ಕೋರಲಾಗಿದೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ನನ್ನ ಹೆಸರಿಗೇ ಹೀಗೆ ಬರೆದಿದ್ದಾರೆಯೇ ಎಂದು ಕೇಳಿದರು. ಹೌದು ಎಂದೆ. ಇನ್ನೊಂದು ಸಲ ಹೇಳು ಎಂದರು.